ಪ್ರೆಸ್ಸಿನ ಏಟು, ಮುನಿಲಕ್ಷ್ಮಿಯ ಡ್ರಮ್ಮು

ಶಾಲೆಯಲ್ಲಿ ಬ್ಯಾಂಡು ಕಟ್ಟಲು ಹೊರಟಿರುವ ಹೊಸ ಮೇಷ್ಟ್ರುಗಳಿಗೆ ನಾನು ಹೇಳುವ ಮೊದಲ ಮಾತು ಡ್ರಮ್ಮಿನ ಬಗ್ಗೆ ಅಲ್ಲ. ಮೈದಾನದ ಪಕ್ಕದಲ್ಲಿ ಏನಿದೆ ಎಂದು ನೋಡಿಕೊಳ್ಳಿ. ನಾನು ನೋಡಿಕೊಳ್ಳಲಿಲ್ಲ. ಅದರಿಂದ ಮೊದಲು ಮಾನ ಹೋಯಿತು, ಆಮೇಲೆ ಬಹುಮಾನದ ಒಂದು ಕಪ್ಪು ಬಂತು, ಬಂದ ಕಪ್ಪು ಹೋಯಿತು. ಇವೆಲ್ಲದರ ನಡುವೆ, ನನ್ನ ಮೂವತ್ತು ವರ್ಷಗಳ ನೌಕರಿಯಲ್ಲಿ ಇನ್ನೊಮ್ಮೆ ಕಾಣದ ಒಂದು ಸಂಗತಿಯನ್ನು ಕಣ್ಣಾರೆ ಕಂಡೆ. ಬರೆಯುವುದು ಅದಕ್ಕಾಗಿ.

ಪೀಣ್ಯದಲ್ಲಿ ಆಗ ಕಾರ್ಖಾನೆಗಳು ಒಂದರ ಪಕ್ಕಕ್ಕೆ ಒಂದು ಏಳುತ್ತಿದ್ದವು. ಎಪ್ಪತ್ತರ ದಶಕದ ಕೊನೆ. ಕಾರ್ಖಾನೆಯೊಂದು ತನ್ನ ಕೆಲಸಗಾರರ ಮಕ್ಕಳಿಗೆಂದು ನಡೆಸುತ್ತಿದ್ದ ಹೈಸ್ಕೂಲಿನಲ್ಲಿ ನಾನು ವ್ಯಾಯಾಮದ ಮೇಷ್ಟ್ರಾಗಿ ಸೇರಿಕೊಂಡೆ. ಹಂಗಾಮಿ ಕೆಲಸ. ಆದರೂ ನನಗೆ ಅದು ಸಿಂಹಾಸನ. ನಮ್ಮ ವಂಶದಲ್ಲಿ ಡಿಗ್ರಿ ಕಂಡವನು ನಾನೇ ಮೊದಲು. ನಮ್ಮಪ್ಪ ಬೇರೆಯವರ ಹೊಲದಲ್ಲಿ ಉತ್ತು ಬೆಳೆದವರು. ಅವರಿಗೆ ನನ್ನ ಡಿಗ್ರಿಯ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಅವರಿಗೆ ಅರ್ಥವಾಗಿದ್ದ ಪದ ಒಂದೇ, ಖಾಯಂ. ವಾರಕ್ಕೊಮ್ಮೆ ಊರಿಗೆ ಹೋದರೆ ಕೈಕಾಲು ತೊಳೆಯುವ ಮೊದಲೇ ಕೇಳುವರು: "ಖಾಯಮ್ಮು ಆಯ್ತೇನಪ್ಪಾ?"

"ಇಲ್ಲಪ್ಪ, ಆಗುತ್ತೆ."

"ಆಗ್ಲಿ ಬುಡು. ಓದಿರೋನು ನೀನು. ಆಗದೆ ಏನು."

ಸೇರಿದ ವಾರವೇ ಹೆಡ್ ಮಾಸ್ಟರು ನನ್ನನ್ನು ಕರೆದು ಸ್ಟೋರ್ ರೂಮಿನ ಬಾಗಿಲು ತೆರೆಸಿದರು. ಒಳಗೆ ಒಂದು ದೊಡ್ಡ ಡ್ರಮ್ಮು, ಆರು ಸೈಡ್ ಡ್ರಮ್ಮು, ಎಂಟು ಬ್ಯೂಗಲ್ಲು, ಒಂದು ಗೋಣಿಚೀಲದ ತುಂಬ ಕೊಳಲು. ಕಾರ್ಖಾನೆಯವರು ಯಾವಾಗಲೋ ಕೊಡಿಸಿದ್ದು. "ಬ್ಯಾಂಡು ರೆಡಿ ಮಾಡ್ರೀ. ವರ್ಷಕ್ಕೊಂದ್ಸಲ ಶಾಲೆಗಳ ಬ್ಯಾಂಡ್ ಸ್ಪರ್ಧೆ ಇರುತ್ತೆ. ನಮ್ಮ ಮ್ಯಾನೇಜ್‌ಮೆಂಟಿಗೆ ಒಂದು ಕಪ್ಪು ಬೇಕು," ಅಂದರು. ನನಗೆ ಕಬಡ್ಡಿ ಗೊತ್ತಿತ್ತು, ಓಟ ಗೊತ್ತಿತ್ತು, ಸಂಗೀತದ ಗಂಧ ಇರಲಿಲ್ಲ. "ಬರುತ್ತೆ ಸಾರ್" ಅಂದುಬಿಟ್ಟೆ. ಹಂಗಾಮಿ ನೌಕರನ ಬಾಯಲ್ಲಿ ಬೇರೆ ಮಾತು ಬರುವುದಿಲ್ಲ.

ಮಿಲಿಟರಿ ಬ್ಯಾಂಡಿನಲ್ಲಿದ್ದು ನಿವೃತ್ತರಾಗಿದ್ದ ದೊರೆಸ್ವಾಮಿ ಎಂಬ ಹವಾಲ್ದಾರರನ್ನು ಹುಡುಕಿಕೊಂಡು ಹೋಗಿ ಕಾಲಿಗೆ ಬಿದ್ದೆ. ವಾರಕ್ಕೊಂದು ಸಂಜೆ ಅವರ ಮನೆಯಲ್ಲಿ ಕಲಿಯುವುದು, ಮರುದಿನ ಹುಡುಗರಿಗೆ ಕಲಿಸುವುದು. ಅವರ ಮೊದಲ ಪಾಠ ಇಂದಿಗೂ ಕಿವಿಯಲ್ಲಿದೆ: "ಮೇಷ್ಟ್ರೇ, ಬ್ಯೂಗಲ್ ತಪ್ಪಾದ್ರೆ ಜನ ನಗ್ತಾರೆ. ದೊಡ್ಡ ಡ್ರಮ್ಮು ತಪ್ಪಾದ್ರೆ ಮೂವತ್ತು ಮಂದಿ ಕಾಲು ಮುರೀತದೆ. ಅದು ಬಾರಿಸೋನು ಬ್ಯಾಂಡಿನ ತಾಯಿ." ದೊಡ್ಡ ಡ್ರಮ್ಮಿನ ಏಟಿಗೆ ಎಡಗಾಲು ನೆಲಕ್ಕೆ ಬೀಳಬೇಕು. ಬ್ಯಾಂಡಿನ ಶಾಸ್ತ್ರವೆಲ್ಲ ಅದರ ಮೇಲೆಯೇ ನಿಂತಿದೆ.

ಆರು ತಿಂಗಳಲ್ಲಿ ಹುಡುಗರು ಹೆಜ್ಜೆ ಹಾಕಿದರು ನೋಡಿ, ನನಗೇ ನಂಬಿಕೆ ಬರಲಿಲ್ಲ. ಲೇತ್ ಆಪರೇಟರನ ಮಗ, ವೆಲ್ಡರನ ಮಗ, ಕ್ಯಾಂಟೀನಿನಲ್ಲಿ ಸೊಪ್ಪು ಹೆಚ್ಚುವವಳ ಮಗ. ಇಪ್ಪತ್ತೆಂಟು ಜನ ಒಂದೇ ಪ್ರಾಣಿಯ ಹಾಗೆ ಮೈದಾನ ಸುತ್ತುತ್ತಿದ್ದರು. ಗಡಿಯಾರ ಹಿಡಿದು ನೋಡಿದರೂ ಒಂದು ಏಟು ಆಚೀಚೆ ಇಲ್ಲ. ನಾನು ಎಂಥ ಗುರು ಎಂದು ಒಳಗೊಳಗೇ ಬೀಗಿದೆ.

ಸ್ಪರ್ಧೆಯ ದಿನ ಮೈದಾನಕ್ಕಿಳಿದ ಇಪ್ಪತ್ತನೆಯ ಹೆಜ್ಜೆಗೆ ಬ್ಯಾಂಡು ಚೆದುರಿಹೋಯಿತು. ಮುಂದಿನವರು ಓಡುತ್ತಿದ್ದಾರೆ, ಹಿಂದಿನವರು ತೆವಳುತ್ತಿದ್ದಾರೆ, ನಡುವೆ ಒಬ್ಬ ಸುಮ್ಮನೆ ನಿಂತು ನನ್ನ ಮುಖ ನೋಡುತ್ತಿದ್ದಾನೆ. ಜನ ಸಿಳ್ಳೆ ಹೊಡೆದರು. ಕಾರಣ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಮರುವಾರ ದೊರೆಸ್ವಾಮಿ ತಾವೇ ನಮ್ಮ ಮೈದಾನಕ್ಕೆ ಬಂದರು. ಹುಡುಗರು ಎಂದಿನಂತೆ ಚಿನ್ನದ ಹಾಗೆ ಹೆಜ್ಜೆ ಹಾಕಿದರು. ಅವರು ಹುಡುಗರನ್ನು ನೋಡಲೇ ಇಲ್ಲ. ತಲೆ ಓರೆ ಮಾಡಿ ಕಾಂಪೌಂಡಿನ ಆಚೆಗೆ ಕಿವಿ ಕೊಟ್ಟು ನಿಂತರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು.

"ಏನ್ ಸಾರ್?"

"ಮೇಷ್ಟ್ರೇ, ಇದು ನಿಮ್ಮ ಬ್ಯಾಂಡಲ್ಲಪ್ಪ. ಅಲ್ಲಿ ಗೋಡೆ ಹಿಂದೆ ಇದಾನಲ್ಲ, ಅವನ ಬ್ಯಾಂಡು!"

ಗೋಡೆಯ ಆಚೆ ಒಂದು ಪ್ರೆಸ್ ಶಾಪು. ತಗಡನ್ನು ಅಚ್ಚಿಗೊತ್ತುವ ದೊಡ್ಡ ಯಂತ್ರ ಬೆಳಗ್ಗೆಯಿಂದ ಸಂಜೆಯವರೆಗೆ ಧಣ್, ಧಣ್, ಧಣ್ ಎಂದು ಬಡಿಯುತ್ತಿತ್ತು. ದಿನಾ ಕೇಳಿ ಕೇಳಿ ಅದು ನಮ್ಮ ಕಿವಿಗೆ ಕೇಳಿಸುವುದೇ ನಿಂತುಹೋಗಿತ್ತು. ಆದರೆ ಕಾಲಿಗೆ ಕೇಳಿಸುತ್ತಿತ್ತು. ಸರಿಯಾಗಿ ಎಡಗಾಲಿಗೊಂದು ಏಟು. ಆರು ತಿಂಗಳು ನನ್ನ ಹುಡುಗರನ್ನು ನಡೆಸಿದ್ದು ನಾನಲ್ಲ, ನಮ್ಮ ಡ್ರಮ್ಮೂ ಅಲ್ಲ, ಆ ಯಂತ್ರ. ಅದಿಲ್ಲದ ಮೈದಾನದಲ್ಲಿ ಅವರು ತಾಯಿಯಿಲ್ಲದ ಮರಿಗಳಾದರು.

ಮುಂದಿನ ವರ್ಷದಿಂದ ಪ್ರೆಸ್ಸು ನಿಲ್ಲುವ ಭಾನುವಾರಗಳಲ್ಲಿ ಅಭ್ಯಾಸ ಇಟ್ಟುಕೊಂಡೆ. ಹುಡುಗರನ್ನು ಕೂರಿಸಿಕೊಂಡು ಬಿಡಿಸಿ ಹೇಳಿದೆ: "ಹೊರಗಿನ ಏಟು ನಿಮ್ಮ ಕಾಲನ್ನ ಕದ್ದುಬಿಡುತ್ತೆ ಕಣ್ರೋ. ನಿಮಗೆ ಗೊತ್ತೇ ಆಗಲ್ಲ. ಜೋರಾಗೂ ಇರಬೇಕಾಗಿಲ್ಲ, ಒಂದೇ ಸಮ ಇದ್ರೆ ಸಾಕು." ಹೇಳಿದ್ದಷ್ಟೇ ಅಲ್ಲ, ನೆಲಕ್ಕೆ ಹಿಮ್ಮಡಿ ಕುಟ್ಟಿ, ಹೆಜ್ಜೆ ಹೇಗೆ ಕೆಡುತ್ತದೆಂದು ಮಾಡಿಯೂ ತೋರಿಸಿದೆ. ಮುಂದಿನ ಸಾಲಿನಲ್ಲಿ ಕೂತು ಕಣ್ಣು ಅರಳಿಸಿ ಕೇಳಿದವನು ನಾಗರಾಜ. ಫೋರ್‌ಮನ್ನರ ಮಗ, ಆ ವರ್ಷ ಎಂಟನೇ ಕ್ಲಾಸಿಗೆ ಬಂದು ದೊಡ್ಡ ಡ್ರಮ್ಮು ಹಿಡಿದವನು. ನಾನು ಕೊಟ್ಟದ್ದು ಎಚ್ಚರಿಕೆ ಎಂದು ನನ್ನ ಲೆಕ್ಕ. ಕೊಟ್ಟದ್ದು ಆಯುಧ.

ಅದೇ ವರ್ಷ ಇನ್ನೊಂದು ತಪ್ಪೂ ಮಾಡಿದೆ. ಯಾರೋ ಒಬ್ಬ ಇನ್ನೊಬ್ಬನ ಬ್ಯೂಗಲ್ಲಿನೊಳಗೆ ಬಟ್ಟೆ ತುರುಕಿಟ್ಟಿದ್ದ. ಯಾರೆಂದು ಕೇಳಿದರೆ ಉತ್ತರವಿಲ್ಲ. ಎಂಟೂ ಬ್ಯೂಗಲ್ಲಿನವರನ್ನು ಸಾಲಾಗಿ ನಿಲ್ಲಿಸಿ, ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆಯ ಮುಂದೆ ಬೆತ್ತದಲ್ಲಿ ಬಾರಿಸಿದೆ. ಆವತ್ತಿನಿಂದ ಬಟ್ಟೆ ತುರುಕುವುದು ನಿಂತಿತು ನಿಜ. ಆದರೆ ಆವತ್ತಿನಿಂದ ಬ್ಯಾಂಡಿನ ಒಬ್ಬ ಹುಡುಗನೂ ನನಗೆ ಯಾವ ನಿಜವನ್ನೂ ಹೇಳಲಿಲ್ಲ. ಬೆತ್ತ ಕೆಲಸ ಮಾಡುತ್ತದೆ. ಯಾವ ಕೆಲಸ ಎಂಬುದು ತಡವಾಗಿ ತಿಳಿಯುತ್ತದೆ.

ಆ ಎರಡನೆಯ ವರ್ಷ ಮೂರನೇ ಸ್ಥಾನ ಬಂತು. ಮೂರನೆಯ ವರ್ಷದ ಸ್ಪರ್ಧೆಗೆ ಮೊದಲು ಹೆಡ್ ಮಾಸ್ಟರು ಬಾಗಿಲು ಹಾಕಿಸಿ ಹೇಳಿದರು: "ನೋಡ್ರೀ, ನಿಮ್ಮ ಫೈಲು ನನ್ನ ಟೇಬಲ್ ಮೇಲೇ ಇದೆ. ಕಪ್ಪು ತನ್ನಿ, ಮಾರನೇ ದಿನ ಖಾಯಂ ಆರ್ಡರಿಗೆ ಕಳಿಸ್ತೀನಿ. ಇಲ್ದಿದ್ರೆ ಈ ವರ್ಷವೂ ಹಂಗಾಮಿ. ಮುಂದಿನ ವರ್ಷ ಬ್ಯಾಂಡೇ ಬೇಡ ಅಂದ್ರೆ ನನ್ನ ಕೇಳ್ಬೇಡಿ." ಬಾಗಿಲಾಚೆ ಡ್ರಮ್ಮಿನ ಹಗ್ಗ ಒಯ್ಯಲು ಬಂದಿದ್ದ ನಾಗರಾಜನಿಗೆ ಇದು ಕೇಳಿಸಿತ್ತೆಂದು ನನಗೆ ಗೊತ್ತಾದದ್ದು ಆಮೇಲೆ.

ಆ ಸಲದ ಸ್ಪರ್ಧೆ ಊರಿನ ಇನ್ನೊಂದು ತುದಿ, ವೈಟ್‌ಫೀಲ್ಡ್ ಕಡೆಯ ಒಂದು ಮೈದಾನದಲ್ಲಿ. ಲಾರಿಯಲ್ಲಿ ಡ್ರಮ್ಮುಗಳ ನಡುವೆ ಕೂತು ಹೋದೆವು. ಮೈದಾನದ ಅಂಚಿಗೆ ತಗಡಿನ ಮಾಡಿನ ಉದ್ದನೆಯ ಸೈಕಲ್ ಸ್ಟ್ಯಾಂಡು. ನೆಲ ಸಿಮೆಂಟಿನದು. ಮುಂದಿನ ಸರದಿಯ ಬ್ಯಾಂಡು ಅಲ್ಲಿ ಸಾಲಾಗಿ ನಿಂತು ಕಾಯಬೇಕು.

ನಮಗಿಂತ ಮೊದಲ ಸರದಿ ವರ್ತೂರಿನ ಕಡೆಯ ಒಂದು ಸಣ್ಣ ಶಾಲೆಯದು. ಕೆರೆಯಂಚಿನ ಗದ್ದೆಗಳ ರೈತರ ಮಕ್ಕಳು. ಇಪ್ಪತ್ತು ಜನವೂ ಇರಲಿಲ್ಲ. ನಮ್ಮವರಿಗೆ ಕಾರ್ಖಾನೆ ಕೊಡಿಸಿದ ಕಪ್ಪು ಶೂ, ಬಿಳಿ ಕಾಲುಚೀಲ. ಅವರೆಲ್ಲ ಬರಿಗಾಲು. ಅವರ ದೊಡ್ಡ ಡ್ರಮ್ಮು ಬಾರಿಸುತ್ತಿದ್ದವಳು ಒಬ್ಬ ಹುಡುಗಿ. ಹನ್ನೆರಡೋ ಹದಿಮೂರೋ. ಡ್ರಮ್ಮಿನ ಹಿಂದೆ ಅವಳ ಎರಡು ಜಡೆ, ಎರಡು ಪಾದ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಡ್ರಮ್ಮೇ ನಡ್ಕೊಂಡ್ ಬರ್ತಿದೆ ಮಗಾ," ಅಂದ ನಮ್ಮವನೊಬ್ಬ. ಎಲ್ಲರೂ ನಕ್ಕರು.

ಆದರೆ ಅವರು ಹೊರಟಾಗ ನಗು ನಿಂತಿತು. ಬರಿಗಾಲಿನ ಹೆಜ್ಜೆಗೆ ಸದ್ದಿಲ್ಲ. ಸದ್ದಿಲ್ಲದೆ ಒಂದು ಬ್ಯಾಂಡು ತೇಲಿಕೊಂಡು ಬರುತ್ತಿದ್ದ ಹಾಗೆ, ಅದರೊಳಗಿಂದ ಆ ಒಂದು ಡ್ರಮ್ಮು ಮಾತ್ರ ದುಂಡಗೆ, ತುಂಬಿಕೊಂಡು ಮೊಳಗುತ್ತಿತ್ತು. ಕಪ್ಪು ಇವರಿಗೇ ಎಂದುಕೊಂಡೆ.

ಅವರು ಸೈಕಲ್ ಸ್ಟ್ಯಾಂಡಿನ ಪಕ್ಕಕ್ಕೆ ಬರುತ್ತಿದ್ದರು. ಆಗ ನನ್ನ ಬೆನ್ನ ಹಿಂದೆ ಆ ಸದ್ದು ಶುರುವಾಯಿತು. ಧಣ್. ಧಣ್. ಧಣ್. ತಿರುಗಿ ನೋಡಿದೆ. ನಮ್ಮ ಇಪ್ಪತ್ತೆಂಟು ಜನ ಕಲ್ಲಿನಂತೆ ನಿಂತಿದ್ದಾರೆ. ಮುಖ ನೇರ, ಕೈ ನೇರ. ಶೂಗಳ ಹಿಮ್ಮಡಿ ಮಾತ್ರ ಒಂದಂಗುಲ ಎದ್ದು ಸಿಮೆಂಟಿಗೆ ಬೀಳುತ್ತಿದೆ. ತಗಡಿನ ಮಾಡು ಅದನ್ನು ಹಿಡಿದು ಮೈದಾನದತ್ತ ಎಸೆಯುತ್ತಿದೆ. ಹುಡುಗಿಯ ಏಟಿಗಿಂತ ಕೂದಲೆಳೆಯಷ್ಟು ನಿಧಾನ, ಬೇಕೆಂತಲೇ. ತೀರ್ಪುಗಾರರು ಮೈದಾನದ ಆಚೆ ದಡದಲ್ಲಿದ್ದರು. ಕೇಳಿಸಿದ್ದರೂ, ಸರದಿಯವರು ಕಾಲು ಬಿಸಿ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡಾರು.

ನಾಲ್ಕು ಏಟಿನೊಳಗೆ ನನಗೆ ಎಲ್ಲ ಅರ್ಥವಾಯಿತು. 'ಸಾವಧಾನ್' ಎಂದು ಒಂದು ಕೂಗು ಹಾಕಿದ್ದರೆ ಅದು ನಿಲ್ಲುತ್ತಿತ್ತು. ನನ್ನ ಬಾಯಿ ತೆರೆಯಲಿಲ್ಲ. ಟೇಬಲ್ ಮೇಲಿನ ಫೈಲು ಕಣ್ಣಿಗೆ ಬಂತು, ಅಪ್ಪನ ಪ್ರಶ್ನೆ ಕಿವಿಗೆ ಬಂತು. ಸುಮ್ಮನೆ ನಿಂತೆ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ನಮಗೆ ಹತ್ತಿರವಿದ್ದ ಅವರ ಹಿಂದಿನ ಸಾಲು ಮೊದಲು ಎಡವಿತು. ಪುಟ್ಟ ಪಾದಗಳು ಡ್ರಮ್ಮಿನ ಕಡೆಗೋ ನಮ್ಮ ಶೂಗಳ ಕಡೆಗೋ ಎಂದು ತಡವರಿಸಿದವು. ಬ್ಯಾಂಡು ಎರಡು ತುಂಡಾಗುತ್ತಿತ್ತು. ಎರಡು ವರ್ಷದ ಹಿಂದೆ ನಮಗಾದದ್ದು ಕಣ್ಣೆದುರು ಅವರಿಗಾಗುತ್ತಿತ್ತು. ಇನ್ನು ಹತ್ತು ಹೆಜ್ಜೆ, ಮುಗಿಯಿತು ಎಂದುಕೊಂಡೆ.

ಆ ಹುಡುಗಿ ತಲೆ ತಿರುಗಿಸಿ ನಮ್ಮ ಕಡೆ ನೋಡಿದಳು. ಎರಡು ಏಟಿನಷ್ಟು ಹೊತ್ತು. ಆಮೇಲೆ ಅವಳು ಮಾಡಿದ್ದನ್ನು ಯಾವ ಹವಾಲ್ದಾರನೂ ಕಲಿಸಲಾರ. ತನ್ನ ತಾಳವನ್ನು ಬಿಟ್ಟಳು. ಬಿಟ್ಟು, ನಮ್ಮ ಹಿಮ್ಮಡಿ ಬೀಳುವ ಕ್ಷಣಕ್ಕೆ ಸರಿಯಾಗಿ ಡ್ರಮ್ಮಿಗೆ ಹೊಡೆದಳು. ನಮ್ಮ ಕಳ್ಳ ಏಟನ್ನು ತನ್ನ ಏಟು ಮಾಡಿಕೊಂಡಳು. ಅವಳ ಬ್ಯಾಂಡಿಗೆ ಈಗ ಎರಡು ಸದ್ದಿಲ್ಲ, ಒಂದೇ. ಎಡವುತ್ತಿದ್ದ ಪಾದಗಳೆಲ್ಲ ಕೂಡಿಕೊಂಡವು. ನಾಲ್ಕು, ಐದು, ಆರು ಹೆಜ್ಜೆ ಹಾಗೇ ನಡೆಸಿದಳು. ಆಮೇಲೆ ಸ್ವಲ್ಪ ಸ್ವಲ್ಪವಾಗಿ, ಬಾವಿಯಿಂದ ತುಂಬಿದ ಕೊಡ ಎಳೆದ ಹಾಗೆ, ತುಳುಕದಂತೆ, ತಾಳವನ್ನು ಮೊದಲಿನ ವೇಗಕ್ಕೆ ಮೇಲೆ ಎಳೆಯತೊಡಗಿದಳು. ಬ್ಯಾಂಡು ಅವಳ ಜೊತೆ ಎದ್ದಿತು.

ನಾನು ಮತ್ತೆ ಹಿಂದೆ ತಿರುಗಿದೆ. ನಮ್ಮ ಹುಡುಗರ ಹಿಮ್ಮಡಿಗಳೂ ಅವಳ ಹಿಂದೆ ಹೊರಟಿದ್ದವು. ಅವರಿಗೇ ಗೊತ್ತಿಲ್ಲ. ಪ್ರೆಸ್ಸಿನ ಏಟಿಗೆ ಕಾಲು ಕೊಟ್ಟು ಬೆಳೆದ ಮಕ್ಕಳು. ಗಟ್ಟಿಯಾದ, ಒಂದೇ ಸಮದ ಏಟು ಎಲ್ಲಿ ಕೇಳಿಸಿತೋ ಅವರ ಕಾಲು ಅಲ್ಲಿಗೆ ಹೋಗುತ್ತದೆ. ನಾಗರಾಜ ಹಲ್ಲು ಕಚ್ಚಿ ನಿಧಾನ ಮಾಡಲು ಹೆಣಗುತ್ತಿದ್ದ. ಆಗಲಿಲ್ಲ. ಅವರು ಮೈದಾನದ ಆಚೆ ತಿರುವು ತಲುಪುವ ಹೊತ್ತಿಗೆ ಹದಿನೆಂಟು ಜೊತೆ ಬರಿಗಾಲು, ಇಪ್ಪತ್ತೆಂಟು ಜೊತೆ ಶೂ, ಎಲ್ಲ ಆ ಎರಡು ಜಡೆಯ ಹುಡುಗಿಯ ಕೋಲಿಗೆ ಕಟ್ಟುಬಿದ್ದು ನಡೆಯುತ್ತಿದ್ದವು. ನಾವು ಅವಳ ಬ್ಯಾಂಡಾಗಿದ್ದೆವು.

ತೀರ್ಪುಗಾರರ ಕೈಯಲ್ಲಿ ಗಡಿಯಾರವಿತ್ತು. ನಡುವೆ ತಾಳ ಇಳಿದು ಏರಿದ್ದಕ್ಕೆ ಅಂಕ ಕಳೆದರು, ಶೂ ಇಲ್ಲದ್ದಕ್ಕೆ ಅಂಕ ಕಳೆದರು. ಕಪ್ಪು ನಮ್ಮದಾಯಿತು. ವರ್ತೂರಿನವರಿಗೆ ಮೂರನೇ ಸ್ಥಾನ.

ಲಾರಿ ಹೊರಟಿತು. ಹುಡುಗರು ಕಪ್ಪನ್ನು ತಲೆಯಿಂದ ತಲೆಗೆ ದಾಟಿಸುತ್ತ ಕುಣಿಯುತ್ತಿದ್ದರು. ನಾಗರಾಜ ನನ್ನ ಕಿವಿಯ ಹತ್ತಿರ ಬಗ್ಗಿದ. "ಸಾರ್, ಪ್ರೆಸ್ ಹಾಕಿದ್ವಿ ಸಾರ್! ನೀವು ಹೇಳ್ಕೊಟ್ಟಿದ್ದೇ. ನಿಮ್ಮ ಆರ್ಡರ್ ಇನ್ನು ಪಕ್ಕಾ ಸಾರ್."

ಹೊಡೆಯಲು ಕೈ ಎದ್ದಿತು. ಆ ಮಾತಿನ ಕೊನೆ ಕೇಳಿ ಕೈ ಹಾಗೇ ಇಳಿಯಿತು. ಆ ಹುಡುಗ ಅದನ್ನು ನನಗಾಗಿ ಮಾಡಿದ್ದ. ಉಪಾಯ ನನ್ನದು, ಲಾಭ ನನ್ನದು, ಮೌನವೂ ನನ್ನದು. ಯಾವ ಮುಖ ಇಟ್ಟುಕೊಂಡು ಹೊಡೆಯಲಿ?

ಮರುದಿನ ಹೆಡ್ ಮಾಸ್ಟರು ಇಡೀ ಶಾಲೆಗೆ ಲಾಡು ಹಂಚಿಸಿದರು, ನನ್ನ ಫೈಲು ತೆಗೆಸಿ ಮುಂದಿಟ್ಟುಕೊಂಡರು. ನಾಲ್ಕು ದಿನ ತಡೆದುಕೊಂಡೆ. ಶನಿವಾರ ಬೆಳಗ್ಗೆ ನಾಗರಾಜನನ್ನು ಕರೆದು, "ನಡಿ, ಒಂದ್ ಕಡೆ ಹೋಗಿ ಬರೋಣ" ಅಂದೆ. ಎರಡು ಬಸ್ಸು ಬದಲಿಸಿ ವರ್ತೂರಿನಲ್ಲಿಳಿದೆವು. ಎಲ್ಲಿಗೆಂದು ಆಗ ಅವನಿಗೆ ಗೊತ್ತಾಯಿತು. ಕೆರೆ ಏರಿಯ ಮೇಲೆ ನನಗಿಂತ ಹತ್ತು ಮಾರು ಹಿಂದೆ ನಡೆದು ಬಂದ.

ಹೆಂಚಿನ ಶಾಲೆ. ಗೋಡೆಯ ಮೊಳೆಗೆ ಆ ಡ್ರಮ್ಮು ನೇತಾಡುತ್ತಿತ್ತು, ಗೋಣಿ ಹೊದ್ದುಕೊಂಡು. ಬ್ಯಾಂಡು ಕಲಿಸಿದ್ದ ಸರೋಜಮ್ಮ ಮೇಡಂ ನಮ್ಮನ್ನು ಗುರುತು ಹಿಡಿದರು. "ಬನ್ನಿ ಮೇಷ್ಟ್ರೇ. ಕಪ್ಪು ಗೆದ್ದೋರು ನಮ್ಮೂರ ತನಕ ಬಂದ್ರಲ್ಲ!"

ನಿಂತುಕೊಂಡೇ ಎಲ್ಲ ಹೇಳಿದೆ. ಪ್ರೆಸ್ಸು, ಹಿಮ್ಮಡಿ, ಸೈಕಲ್ ಸ್ಟ್ಯಾಂಡು. ಮೇಡಂ ಕೇಳಿದರು: "ಹುಡುಗರು ತಪ್ಪು ಮಾಡಿದ್ರು ಅಂತ ಹೇಳಕ್ಕೆ ಬಂದ್ರಾ, ನೀವು ಮಾಡಿದ್ರಿ ಅಂತ ಹೇಳಕ್ಕೆ ಬಂದ್ರಾ?"

"ಎರಡೂ ಮೇಡಂ. ನನಗೆ ಕೇಳಿಸ್ತಿತ್ತು. ಸುಮ್ಮನಿದ್ದೆ."

ನಾಗರಾಜ ತಟ್ಟನೆ ತಲೆಯೆತ್ತಿ ನನ್ನ ಮುಖ ನೋಡಿದ. ಅವನಿಗದು ಹೊಸ ವಿಷಯ.

ಮೇಡಂ ಒಳಗೆ ಕೂಗಿದರು. "ಮುನಿಲಕ್ಷ್ಮೀ, ಬಾರೇ ಇಲ್ಲಿ. ಅವತ್ತು ತಾಳ ಯಾಕೆ ಇಳಿಸ್ದೆ ಅಂತ ನಾನು ಬೈದ್ನಲ್ಲ, ಆಗ ನನಗೆ ಏನು ಹೇಳ್ದೆ, ಈ ಸಾರ್‌ಗೆ ಹೇಳು."

ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಡ್ರಮ್ಮಿಲ್ಲದೆ ನೋಡಿದರೆ ಇನ್ನೂ ಚಿಕ್ಕವಳು. "ಅದೇ ಸಾ, ಆ ಅಣ್ಣಗೋಳಿಗೆ ಎಜ್ಜೆ ತಪ್ಪೋಗಿತ್ತು. ನಿಂತಲ್ಲೇ ಎಜ್ಜೆ ಆಕ್ತಿದ್ರು, ನಮ್ ಡ್ರಮ್ಮು ಸರ್‍ಯಾಗಿ ಕೇಳುಸ್ತಿರ್ನಿಲ್ಲ ಅನ್ಸುತ್ತೆ. ಮುಂದಿನ್ ಸರದಿ ಅವರ್ದೇ ಅಲ್ವಾ? ಅಂಗೇ ಬುಟ್ರೆ ಅದೇ ಎಜ್ಜೇಲಿ ಓಗಿ ಕೆಟ್ಟೋಗ್ತಾರೆ, ಪಾಪ ಅನ್ಸ್ತು. ಅದ್ಕೇ ಅವ್ರತ್ರಕ್ಕೋಗಿ ಕರ್ಕಂಬಂದೆ."

ನಾನು ಕೇಳಿದೆ: "ಹಾಗೆ ಮಾಡಬೇಕು ಅಂತ ಯಾರಮ್ಮ ಹೇಳ್ಕೊಟ್ರು?"

"ನಮ್ಮಪ್ಪ ಏಳ್ತದೆ ಸಾ. ಉಳೋವಾಗ ಎತ್ತು ಅಡ್ಡ ಎಳುದ್ರೆ ಜಗ್ಗಬಾರ್ದಂತೆ. ಅದರ ಜತೆ ನಾಕೆಜ್ಜೆ ಓಗಿ, ಆಮ್ಯಾಕೆ ತಿರುಗಿಸ್ಕಬೇಕಂತೆ."

ನನ್ನಪ್ಪನೂ ಉತ್ತವರೇ. ಇದೇ ಮಾತನ್ನು ಚಿಕ್ಕಂದಿನಲ್ಲಿ ಅವರ ಬಾಯಲ್ಲೂ ಕೇಳಿದ್ದೆ. ಡಿಗ್ರಿ ಓದುವ ಭರದಲ್ಲಿ ಅದು ಎಲ್ಲೋ ಬಿದ್ದುಹೋಗಿತ್ತು.

ನಾಗರಾಜ ಮುಂದೆ ಬಂದ. ನಾನು ಹೇಳಿಸಲಿಲ್ಲ, ಅವನೇ ಹೇಳಿದ. "ನಮಗೆ ಹೆಜ್ಜೆ ತಪ್ಪಿರಲಿಲ್ಲ. ಬೇಕಂತಲೇ ಹಾಗೆ ಮಾಡಿದ್ವಿ. ನೀವು ಕೆಡಲಿ ಅಂತ."

"ಬೇಕಂತಲಾ?" ಹುಡುಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕಣ್ಣಾ?"

"ಕಪ್ಪಿಗೆ."

"ಓ." ಆಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಆದ್ರೂ ನನ್ನಿಂದೆನೇ ಬಂದ್ಬುಟ್ರಲ್ಲ!"

ಆ ನಗುವಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನಾಗರಾಜ ತಡೆದುಕೊಳ್ಳುತ್ತಿದ್ದನೇನೋ. ಮೇಡಂ ಕೊಟ್ಟ ಮಜ್ಜಿಗೆಯನ್ನು ಅವನು ಕುಡಿಯಲಿಲ್ಲ. ಕೆರೆ ಏರಿಯ ಮೇಲೆ ವಾಪಸು ಬರುವಾಗ ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಡೆದ.

ಸೋಮವಾರ ನಾನು ಸ್ಪರ್ಧೆಯ ಸಮಿತಿಗೆ ಒಂದು ಕಾಗದ ಬರೆದೆ. ನಡೆದದ್ದು ಇಷ್ಟು, ನಾನು ಕೇಳಿಸಿಕೊಂಡೂ ಸುಮ್ಮನಿದ್ದೆ, ಕಪ್ಪಿಗೆ ನಾವು ಅರ್ಹರಲ್ಲ ಎಂದು. ಹುಡುಗರು ಸಹಿ ಹಾಕಬೇಕೆಂದು ನಾನು ಹೇಳಲಿಲ್ಲ. ಆ ಕಾಗದವನ್ನು ನಾಗರಾಜನೇ ಬ್ಯಾಂಡಿನವರು ಸೇರಿದ್ದ ಸ್ಟೋರ್ ರೂಮಿಗೆ ಒಯ್ದ. ಹೊರಗೆ ನಿಂತಿದ್ದ ನನಗೆ ಒಳಗಿನ ಗದ್ದಲ ಕೇಳಿಸುತ್ತಿತ್ತು.

"ತಲೆ ಕೆಟ್ಟಿದ್ಯೇನೋ ನಿನಗೆ? ಗೆದ್ದಾಯ್ತು, ಲಾಡೂ ತಿಂದಾಯ್ತು."

"ಎಲ್ಲಾ ಸ್ಕೂಲೋರೂ ಏನಾದ್ರೂ ಮಾಡೇ ಮಾಡ್ತಾರೆ ಕಣೋ."

ನಾಗರಾಜನ ದನಿ: "ಆ ಹುಡುಗಿ ನಮಗೆ ಹೆಜ್ಜೆ ಬರಲ್ಲ ಅಂದ್ಕೊಂಡಿದ್ಳು ಮಗಾ. ಪಾಪ ಅಂತ ಕೈ ಹಿಡ್ಕೊಂಡು ರೋಡ್ ದಾಟ್ಸಿದ ಹಂಗೆ ದಾಟ್ಸಿದಾಳೆ ನಮ್ಮನ್ನ. ಆ ಕಪ್ಪು ನೋಡ್ದಾಗೆಲ್ಲ ನಂಗೆ ಅದೇ ನೆನಪಾಗುತ್ತೆ. ನಿಂಗೆ ಬೇಕಾ?"

ಇಪ್ಪತ್ತಾರು ಸಹಿ ಬಂದವು. ಇಬ್ಬರು ಕೊನೆಯವರೆಗೂ ಹಾಕಲಿಲ್ಲ. ಅವರನ್ನು ಬ್ಯಾಂಡಿನಿಂದ ತೆಗೆಯಲಿಲ್ಲ, ಒಂದು ಮಾತೂ ಆಡಲಿಲ್ಲ. ಬೆತ್ತ ಆ ವೇಳೆಗೆ ಸ್ಟೋರ್ ರೂಮಿನ ಮೂಲೆ ಸೇರಿತ್ತು.

ಹೆಡ್ ಮಾಸ್ಟರು ಕಾಗದವನ್ನು ಎರಡು ಸಲ ಓದಿದರು. "ಇದನ್ನ ಕಳಿಸಿದ್ರೆ ನಿಮ್ಮ ಆರ್ಡರ್ ನಾನು ಕಳಿಸಕ್ಕಾಗಲ್ಲ. ಗೊತ್ತೇನ್ರೀ?"

"ಗೊತ್ತು ಸಾರ್."

"ನಿಮ್ಮಪ್ಪನಿಗೆ ಏನ್ ಹೇಳ್ತೀರಿ?"

ಕಾಗದವನ್ನು ಮಡಚಿ ಲಕೋಟೆಗೆ ಹಾಕಿದೆ. ಕಾಗದ ಹೋಯಿತು. ಕಪ್ಪು ವಾಪಸಾಯಿತು. ಮುನಿಲಕ್ಷ್ಮಿಗೆ ಸಿಕ್ಕಿತೇ ಎಂದರೆ ಇಲ್ಲ. ನಿಯಮದಂತೆ ಎರಡನೇ ಸ್ಥಾನದಲ್ಲಿದ್ದ ಬೇರೆಯೇ ಒಂದು ಶಾಲೆಗೆ ಹೋಯಿತು. ಅವರಿಗೆ ಇದರ ಯಾವ ತಲೆಬುಡವೂ ಗೊತ್ತಿರಲಿಲ್ಲ. ನ್ಯಾಯ ಪೂರ್ತಿಯಾಗಿ ಬಂದು ತಲುಪುತ್ತದೆಂದು ಹೊಸಬರು ನಂಬಿಕೊಂಡು ಕೂರಬೇಡಿ. ನಮ್ಮ ಪಾಲಿನದನ್ನು ನಾವು ಮಾಡಬೇಕು, ಅಷ್ಟೆ.

ಖಾಯಂ ಆರ್ಡರು ಬಂದದ್ದು ಇನ್ನೂ ಎರಡು ವರ್ಷದ ಮೇಲೆ, ಹೆಡ್ ಮಾಸ್ಟರು ಬದಲಾದ ಮೇಲೆ. ಕಾಗದ ಕಳಿಸಿದ ವಾರದ ಶನಿವಾರ ಊರಿಗೆ ಹೋದಾಗಲೂ ಅಪ್ಪ ಮಾಮೂಲಿನಂತೆ ಕೇಳಿದ್ದರು. ಆ ದಿನ 'ಆಗುತ್ತೆ' ಎಂಬ ಮಾತು ಬಾಯಿಗೆ ಬರಲಿಲ್ಲ. ಎಲ್ಲ ಹೇಳಿದೆ. ಹುಡುಗಿ ಹೇಳಿದ ಎತ್ತಿನ ಮಾತು ಬಂದಾಗ ಅಪ್ಪ ನನ್ನನ್ನು ತಡೆದರು. "ಯಾವೂರ ಮಗ ಅದು?"

"ವರ್ತೂರಿನ ಕಡೆದಪ್ಪ."

"ಬೇಸಾಯ ಮಾಡೋರ ಮಗ. ಚೆನ್ನಾಗ್ ಬೆಳ್ಸವ್ರೆ," ಎಂದು ಬೀಡಿ ಹಚ್ಚಿದರು. ಖಾಯಮ್ಮಿನ ಮಾತನ್ನು ಆಮೇಲೆ ಅವರಾಗಿ ಎತ್ತಲಿಲ್ಲ.

ಬ್ಯಾಂಡು ಬೇಡವೆಂದು ಯಾರೂ ಹೇಳಲಿಲ್ಲ. ಹೇಳುವಷ್ಟು ನೆನಪು ಕೂಡ ಮ್ಯಾನೇಜ್‌ಮೆಂಟಿಗೆ ಇರಲಿಲ್ಲ ಅನ್ನಿ. ಮುಂದಿನ ವರ್ಷ ಸ್ಪರ್ಧೆ ಮತ್ತೆ ಅದೇ ಮೈದಾನದಲ್ಲಿ. ನಾಗರಾಜ ಆಗ ಹತ್ತನೇ ಕ್ಲಾಸು, ಬ್ಯಾಂಡಿನ ನಾಯಕ. ನಮ್ಮನ್ನು ಸೈಕಲ್ ಸ್ಟ್ಯಾಂಡಿಗೆ ಕರೆದರು. ಒಳಗೆ ಕಾಲಿಡುವ ಮೊದಲು ಅವನು ತಿರುಗಿ ನಿಂತು ಮೆತ್ತಗೆ ಹೇಳಿದ: "ಶೂ ಬಿಚ್ರೋ."

ನಾನು ಹೇಳಿಕೊಟ್ಟದ್ದಲ್ಲ. ಇಪ್ಪತ್ತೆಂಟು ಜೊತೆ ಶೂಗಳು ಸಾಲಾಗಿ ಹೊರಗೆ ಕೂತವು, ಒಳಗೆ ಕಾಲುಚೀಲ ಮಡಚಿಟ್ಟು. ಕಾರ್ಯಕರ್ತನೊಬ್ಬ ಓಡಿಬಂದ. "ಏನ್ರೀ ಮೇಷ್ಟ್ರೇ ಇದು? ದೇವಸ್ಥಾನ ಅಂದ್ಕೊಂಡ್ರಾ?"

"ಇರಲಿ ಬಿಡಿ ಸಾರ್," ಅಂದೆ. "ಇವರ ಸರದಿ ಬಂದಾಗ ಹಾಕ್ಕೋತಾರೆ."

ಈ ರೂಢಿ ನಾನು ನಿವೃತ್ತನಾದ ಮೇಲೂ ನಡೆದುಬಂದಿದೆ. ಬೇರೆಯವರ ಬ್ಯಾಂಡು ಮೈದಾನದಲ್ಲಿದ್ದಾಗ ನಮ್ಮ ಶಾಲೆಯ ಮಕ್ಕಳು ಬರಿಗಾಲಲ್ಲಿ ನಿಲ್ಲುತ್ತಾರೆ. ಯಾಕೆಂದು ಕೇಳಿದರೆ, "ಹಿಂದಿನೋರು ಮಾಡ್ತಿದ್ರು ಸಾರ್," ಅನ್ನುತ್ತಿದ್ದರು. ಪ್ರೆಸ್ ಶಾಪು ಮುಚ್ಚಿ ಎಷ್ಟೋ ಕಾಲವಾಗಿತ್ತು. ನಾನೂ ಕಾರಣ ಹೇಳಲು ಹೋಗಲಿಲ್ಲ. ನನ್ನ ಜಾಗಕ್ಕೆ ಬಂದ ಹುಡುಗ ಮೇಷ್ಟ್ರು, "ಶೂ ಕಟ್ಕೊಳ್ಳೋಕೆ ಟೈಮ್ ವೇಸ್ಟ್ ಸಾರ್, ನಿಲ್ಲಿಸಿಬಿಡ್ಲಾ?" ಎಂದು ಹೋದ ತಿಂಗಳು ಫೋನಿನಲ್ಲಿ ಕೇಳಿದ. ಈ ಬರಹ ಅವನಿಗೆ ಉತ್ತರ.

ಈ ರೂಢಿ ಶುರುವಾದ ಆ ಮೊದಲ ವರ್ಷದ ಮಾತು ಹೇಳಿ ಮುಗಿಸುತ್ತೇನೆ. ಶೂ ಬಿಚ್ಚಿ ನಮ್ಮವರು ಒಳಗೆ ನಿಂತರು. ಮೈದಾನದಲ್ಲಿ ವರ್ತೂರಿನ ಬ್ಯಾಂಡು ಹೊರಟಿತು. ಮುನಿಲಕ್ಷ್ಮಿ ಒಂದು ಗೇಣು ಬೆಳೆದಿದ್ದಳು. ಡ್ರಮ್ಮಿನ ಮೇಲೆ ಈಗ ಕಣ್ಣುಗಳೂ ಕಾಣುತ್ತಿದ್ದವು. ಸೈಕಲ್ ಸ್ಟ್ಯಾಂಡಿನ ಪಕ್ಕಕ್ಕೆ ಬಂದಾಗ ಅವಳು ಒಮ್ಮೆ ಇತ್ತ ನೋಡಿದಳು. ಹೊರಗಿದ್ದ ಶೂಗಳ ಸಾಲನ್ನು ನೋಡಿದಳು, ನಮ್ಮವರ ಬರಿಗಾಲುಗಳನ್ನು ನೋಡಿದಳು. ಏಟು ಕೂದಲೆಳೆಯಷ್ಟೂ ಅಲುಗಲಿಲ್ಲ.

ನಾನೂ ನನ್ನ ಚಪ್ಪಲಿ ಬಿಟ್ಟು ನಿಂತಿದ್ದೆ. ತಗಡಿನ ಮಾಡಿನ ಕೆಳಗೆ ಉಸಿರಿನ ಸದ್ದು ಕೂಡ ಇರಲಿಲ್ಲ. ತಲೆ ತಗ್ಗಿಸಿ ನೋಡಿದರೆ, ತಣ್ಣನೆಯ ಸಿಮೆಂಟಿನ ಮೇಲೆ ನಮ್ಮ ಹುಡುಗರ ಎಡಗಾಲ ಹೆಬ್ಬೆರಳುಗಳು, ಅವರಿಗೇ ತಿಳಿಯದ ಹಾಗೆ, ಅವಳ ಒಂದೊಂದು ಏಟಿಗೂ ಏಳುತ್ತಿದ್ದವು, ಸದ್ದಿಲ್ಲದೆ ಇಳಿಯುತ್ತಿದ್ದವು.